ಗುಳಿಗೆ ಸಲೀಸು, ಗುಟ್ಟು ಕಾಯುವುದೇ ಕಷ್ಟ: ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಬದಲಾಗಬೇಕೇ?

ಘಟಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯವನು, ಊರಿನ ಹೆಸರು ಬೇಡ. ಬೀಜ, ಗೊಬ್ಬರದ ಅಂಗಡಿ ಇದೆ. ಎಚ್‌ಐವಿಯೂ ಇದೆ. ಕೈಯಲ್ಲಿ ಗುಳಿಗೆ ಇರುವಾಗ ಒಂದು ರಾತ್ರಿಯೂ ಬಿಟ್ಟವನಲ್ಲ. ವೈರಲ್ ಲೋಡ್ (ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬ) ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ. ಯೂರಿಯಾ ಚೀಲವನ್ನು ಈಗಲೂ ನಾನೇ ಎತ್ತಿ ಹಾಕುತ್ತೇನೆ. ಹೆಂಡತಿಗೆ ವಿಷಯ ಗೊತ್ತು, ಅವಳ ಪರೀಕ್ಷೆ ನೆಗೆಟಿವ್. ಅವ್ವನಿಗೆ, ತಮ್ಮನಿಗೆ, ಊರಿಗೆ ಗೊತ್ತಿಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಎಆರ್‌ಟಿ, ಅಂದರೆ ಎಚ್‌ಐವಿ ಹತ್ತಿಕ್ಕುವ ಗುಳಿಗೆ ಕೊಡುತ್ತಾರೆ. ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ನಾನು ಮಾತ್ರ ನಸುಕಿನ ಬಸ್ಸು ಹಿಡಿದು ಎರಡು ಜಿಲ್ಲೆ ದಾಟಿ ಹೋಗುತ್ತೇನೆ. ಮನೆಯಲ್ಲಿ ‘ಬೀಜದ ಕಂಪನಿಯವರ ಸಭೆ’ ಎನ್ನುತ್ತೇನೆ. ಬರುವಾಗ ಚೀಲದಲ್ಲಿ ಮೂರು ಡಬ್ಬಿ, ಒಂದೊಂದರಲ್ಲಿ ಮೂವತ್ತು ಗುಳಿಗೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಗಿಲಕಿಯ ಹಾಗೆ ಸದ್ದು. ಅದಕ್ಕೆಂದೇ ನಿಲ್ದಾಣದ ಶೌಚಾಲಯದಲ್ಲಿ ನಿಂತು ಮುಚ್ಚಳ ತೆಗೆದು ಹತ್ತಿ ತುರುಕುತ್ತೇನೆ, ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತೇನೆ. ಮನೆಯಲ್ಲಿ ಅವನ್ನು ಇಡುವುದು ಕಳೆನಾಶಕದ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ. ಅದನ್ನು ಯಾರೂ ಮುಟ್ಟುವುದಿಲ್ಲ.

2019ರ ಆಗಸ್ಟ್‌ನಲ್ಲಿ ನೆರೆ ಬಂದು ರಸ್ತೆ ಮುಚ್ಚಿತು, ಗುಳಿಗೆ ಮುಗಿದವು. ನಮ್ಮ ಆಸ್ಪತ್ರೆಗೆ ಹೋಗಿ ಕೇಳಲು ಕಾಲು ಏಳಲಿಲ್ಲ. ಅಲ್ಲಿಂದೀಚೆಗೆ ಸಮಾಲೋಚಕರು ‘ಹತ್ತಿರದ ಕೇಂದ್ರಕ್ಕೆ ಬದಲಾಯಿಸಿಕೊಳ್ಳಿ’ ಎಂದು ಹೇಳುತ್ತಲೇ ಇದ್ದಾರೆ. ಕಳೆದ ಸಲ ಹೋದಾಗ ‘ಜೀವನದ ಗುಣಮಟ್ಟ’ ಎಂದು ಒಂದು ಪ್ರಶ್ನಾವಳಿ ಹಿಡಿದು ಕುಳಿತರು. ನಿದ್ದೆ, ನೋವು, ದುಡಿಮೆ, ಎಲ್ಲಕ್ಕೂ ಒಳ್ಳೆಯ ಅಂಕ ಬಂತು. ಆಮೇಲೆ, ‘ನಿಮಗೆ ಪರಿಚಯ ಇರುವವರು ನಿಮ್ಮನ್ನು ಒಪ್ಪಿಕೊಂಡಿದ್ದಾರೆ ಎನಿಸುತ್ತದೆಯೇ?’ ಎಂದರು. ಗೊತ್ತೇ ಇಲ್ಲದವರು ಒಪ್ಪುವುದೇನು, ಬಿಡುವುದೇನು? ಏನು ಹೇಳಬೇಕೋ ತಿಳಿಯಲಿಲ್ಲ.

ಹತ್ತಿರದ ಕೇಂದ್ರಕ್ಕೆ ಬದಲಾದವರು ಯಾರಾದರೂ ಇದ್ದೀರಾ? ಆಮೇಲೆ ಏನಾಯಿತು?

ಆಪ್ತಸಮಾಲೋಚಕಿ, ಹಳೆ ಮೈಸೂರು ಕಡೆ

ಅಣ್ಣಾ, ಮೊದಲು ಆ ಕಳೆನಾಶಕದ ಪೆಟ್ಟಿಗೆಯಿಂದ ಗುಳಿಗೆಗಳನ್ನು ಹೊರಗೆ ತೆಗೆಯಿರಿ. ಉಳಿದ ಮಾತು ಆಮೇಲೆ. ಚೀಟಿ ಕಿತ್ತರೆ ಕಿತ್ತುಕೊಳ್ಳಿ, ಆದರೆ ಡಬ್ಬಿ ಬದಲಾಯಿಸಬೇಡಿ. ಒಳಗಿರುವ ತೇವ ಹೀರುವ ಸಣ್ಣ ಪೊಟ್ಟಣವನ್ನೂ ಎಸೆಯಬೇಡಿ. ಟೆನೊಫೊವಿರ್ ಎಂಬ ಎಚ್‌ಐವಿ ಮದ್ದು ಇರುವ ಮಾತ್ರೆಗೆ ತೇವ ಆಗದು. ನನ್ನ ಬಳಿ ಬರುವ ಎಷ್ಟೋ ಹೆಂಗಸರು ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಾರೆ. ಮಳೆಗಾಲದಲ್ಲಿ ಅವು ಬಣ್ಣ ಬದಲಾಯಿಸಿರುತ್ತವೆ.

ಇನ್ನು ಪ್ರಶ್ನೆಗೆ. ಬದಲಾಯಿಸಿಕೊಳ್ಳಿ ಎಂದೇ ನಾನೂ ಹೇಳುವುದು. ದೊಡ್ಡ ಎಆರ್‌ಟಿ ಕೇಂದ್ರದಲ್ಲಿ ಸ್ಥಿರವಾಗಿರುವವರನ್ನು ಊರಿನ ಹತ್ತಿರದ ಲಿಂಕ್ ಕೇಂದ್ರಕ್ಕೆ ಜೋಡಿಸುವ ವ್ಯವಸ್ಥೆ ಇರುವುದೇ ನಿಮ್ಮಂಥವರಿಗಾಗಿ. ನೆರೆ ಬಂದಾಗ, ಮದುವೆಗೆಂದು ಬೇರೆ ಊರಿಗೆ ಹೋದಾಗ ಗುಳಿಗೆ ಮುಗಿದರೆ ಯಾವ ಎಆರ್‌ಟಿ ಕೇಂದ್ರಕ್ಕಾದರೂ ನಿಮ್ಮ ಚಿಕಿತ್ಸೆಯ ಪುಸ್ತಕ ಹಿಡಿದು ಹೋಗಬಹುದು, ತಾತ್ಕಾಲಿಕವಾಗಿ ಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಬಹಳ ಮಂದಿ ಹಾಗೆಯೇ ದಾಟಿಕೊಂಡರು.

ಈಗ ನಿಮಗೆ ಮೈಯಲ್ಲಿ ಕಸುವಿದೆ. ಇನ್ನು ಹತ್ತು ವರ್ಷಕ್ಕೆ ಸಕ್ಕರೆ, ರಕ್ತದೊತ್ತಡ ಬರಬಹುದು. ಎಚ್‌ಐವಿ ಇದೆ ಎಂದು ತಿಳಿದಿರುವ ವೈದ್ಯರು ಊರಿನಲ್ಲಿ ಒಬ್ಬರಾದರೂ ಬೇಕು. ಎರಡು ಜಿಲ್ಲೆಯಾಚೆ ಇರುವ ಕಡತವು ಮಧ್ಯರಾತ್ರಿ ಎದೆ ಹಿಡಿದುಕೊಂಡಾಗ ಉಪಯೋಗಕ್ಕೆ ಬರುವುದಿಲ್ಲ.

ಇಬ್ಬರು ಮಕ್ಕಳ ತಾಯಿ

ಮೇಡಂ ಹೇಳುವುದು ಕೇಂದ್ರದ ಒಳಗಿನ ಮಾತು. ನಾನು ಹೊರಗಿನ ಬೆಂಚಿನ ಮಾತು ಹೇಳುತ್ತೇನೆ.

ನಾನು ಬದಲಾಯಿಸಿಕೊಂಡೆ. ಒಳಗಿದ್ದವರು ಯಾರೂ ಬಾಯಿ ಬಿಡಲಿಲ್ಲ, ಅವರ ಮೇಲೆ ನನಗೆ ದೂರಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಕೋಣೆ ಯಾವುದಕ್ಕೆ ಎಂಬುದು ಎದುರಿನ ಚಹಾದಂಗಡಿಯವನಿಗೂ ಗೊತ್ತು. ಬಾಗಿಲ ಮುಂದೆ ಕುಳಿತರೆ ಸಾಕು, ಬೇರೆ ಸಾಕ್ಷಿ ಬೇಡ. ನಾದಿನಿಯ ಗಂಡ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದವನು ನನ್ನನ್ನು ಕಂಡ, ಮಾತನಾಡಿಸದೆ ಹೋದ. ಸಂಜೆಯ ಹೊತ್ತಿಗೆ ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆಯಾಗಿದ್ದವು. ಯಾರೂ ಬೈಯಲಿಲ್ಲ, ಜಗಳವಿಲ್ಲ. ಅತ್ತೆ ನನ್ನ ಲೋಟದ ಅಂಚಿಗೆ ಕೆಂಪು ಉಗುರುಬಣ್ಣದಿಂದ ಒಂದು ಗೆರೆ ಎಳೆದಿದ್ದರು, ಅಷ್ಟೇ. ಕಾಯಿಲೆ ಕೊಟ್ಟು ಹೋದದ್ದು ಅವರ ಮಗ. ಅವನ ಫೋಟೋಕ್ಕೆ ದಿನವೂ ಹೂವು, ನನಗೆ ಗೆರೆ ಹೊಡೆದ ಲೋಟ.

ಮತ್ತೆ ದೂರದ ಕೇಂದ್ರಕ್ಕೇ ಹೋದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿತು. ಮುಂಚೆ ಬಸ್ ಖರ್ಚಿಗೆ ಕೈ ಚಾಚಿದರೆ ‘ಎಲ್ಲಿಗೆ, ಯಾಕೆ’ ಎಂಬ ಪ್ರಶ್ನೆ ಬರುತ್ತಿತ್ತು. ಈಗ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡು ಹೋಗಿ ಬರುತ್ತೇನೆ. ಆ ಯೋಜನೆಯ ಬಗ್ಗೆ ಪೇಟೆಯವರು ಏನೇನೋ ಬರೆಯುತ್ತಾರೆ, ನನಗೆ ಅದು ಗುಟ್ಟು ಉಳಿಸಿಕೊಟ್ಟ ಯೋಜನೆ.

ಅಣ್ಣಾ, ಹೋಗಬೇಡಿ.

ಪೀಣ್ಯ ಸಣ್ಣ ಕೈಗಾರಿಕೆ

ನನಗೆ ಎಚ್‌ಐವಿ ಇಲ್ಲ. ಈ ಚರ್ಚೆ ಓದಿ ಬರೆಯಬೇಕೆನಿಸಿತು. 2017ರಲ್ಲಿಯೇ ಎಚ್‌ಐವಿ ಕಾಯ್ದೆ ಬಂದಿದೆ, ತಾರತಮ್ಯ ಮಾಡುವಂತಿಲ್ಲ ಎಂದು ಓದಿದ್ದೇನೆ. ಇಷ್ಟೆಲ್ಲ ಇದ್ದೂ ಏಕೆ ಅಡಗಿಸಿಡಬೇಕು? ಹತ್ತು ಮಂದಿ ಧೈರ್ಯವಾಗಿ ಹೇಳಿದರೆ ಹನ್ನೊಂದನೆಯವನಿಗೆ ಸುಲಭವಾಗುತ್ತದೆ. ಈಗಿನ ಕಾಲದಲ್ಲಿ ಅಷ್ಟು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನೊಂದು ಪ್ರಾಮಾಣಿಕ ಪ್ರಶ್ನೆ. ನಮ್ಮಲ್ಲಿ ಪ್ರೆಸ್ ಯಂತ್ರಗಳಿವೆ, ಕೈ ಕುಯ್ದುಕೊಳ್ಳುವುದು ಮಾಮೂಲು. ಹೊಸಬರನ್ನು ಸೇರಿಸಿಕೊಳ್ಳುವಾಗ ಎಚ್‌ಐವಿ ಪರೀಕ್ಷೆ ಮಾಡಿಸಬಹುದೇ? ಉಳಿದವರ ಸುರಕ್ಷತೆಯ ದೃಷ್ಟಿಯಿಂದ ಕೇಳುತ್ತಿದ್ದೇನೆ.

ಧಾರವಾಡದ ವಕೀಲ

ಮಾಡಿಸುವಂತಿಲ್ಲ ಸರ್. ನೀವು ಹೇಳಿದ ಅದೇ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಕೆಲಸಕ್ಕೆ ಸೇರಲು, ಚಿಕಿತ್ಸೆ ಪಡೆಯಲು, ಶಾಲೆಗೆ ಸೇರಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡಬಾರದು ಎಂಬುದೇ ಅದರ ಮೊದಲ ಮಾತುಗಳಲ್ಲಿ ಒಂದು. ಪರೀಕ್ಷೆ ಮಾಡಬೇಕಿದ್ದರೆ ವ್ಯಕ್ತಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಕಾಯ್ದೆಗೂ ಮುಂಚೆ, 1997ರಲ್ಲಿ ಬಾಂಬೆ ಹೈಕೋರ್ಟ್ ಒಬ್ಬ ದಿನಗೂಲಿ ಕಾರ್ಮಿಕನ ಪ್ರಕರಣದಲ್ಲಿ ಇದನ್ನು ಹೇಳಿತ್ತು: ಕೆಲಸ ಮಾಡುವ ಶಕ್ತಿ ಇರುವವನನ್ನು, ಬೇರೆಯವರಿಗೆ ಅವನಿಂದ ಅಪಾಯವಿಲ್ಲದಿರುವಾಗ, ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ. ಆ ಪ್ರಕರಣದಲ್ಲಿ ಅವನ ಹೆಸರು ಬರಲಿಲ್ಲ, ಅಕ್ಷರಗಳಷ್ಟೇ ಬಂದವು.

‘ಧೈರ್ಯವಾಗಿ ಹೇಳಿ’ ಎಂಬ ಸಲಹೆಯ ಬಗ್ಗೆ. ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ. ನೂರು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ, ಆಸ್ಪತ್ರೆಯಾದರೆ ಇಪ್ಪತ್ತು ಮಂದಿ ಇದ್ದರೂ, ದೂರು ಅಧಿಕಾರಿ ಇರಬೇಕು. ರಾಜ್ಯದಲ್ಲಿ ಒಂಬುಡ್ಸ್‌ಮನ್ ಇರಬೇಕು. ಅವರು ದೂರನ್ನು 30 ದಿನಗಳಲ್ಲಿ, ತುರ್ತು ಚಿಕಿತ್ಸೆಯ ವಿಷಯವಾದರೆ 24 ಗಂಟೆಗಳಲ್ಲಿ ತೀರ್ಮಾನಿಸಬೇಕು. ನ್ಯಾಯಾಲಯದಲ್ಲಿ ಹೆಸರು ಮರೆಮಾಚಲೂ ಅವಕಾಶ ಇದೆ. ಆದರೆ ಕೆಂಪು ಗೆರೆ ಹೊಡೆದ ಲೋಟದ ಮೇಲೆ ಯಾವ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೀರಿ?

ತಾಯಿಯವರಿಗೆ ಒಂದು ಮಾತು. ಗಂಡ ಹೋದ ಮೇಲೆ ಮನೆ ಬಿಡು ಎಂದು ಅತ್ತೆ, ಮೈದುನರು ಹೇಳಿದರೆ ಬಿಡಬೇಕಾಗಿಲ್ಲ. ಕೂಡಿ ಬಾಳುತ್ತಿದ್ದ ಮನೆಯಲ್ಲಿ ವಾಸಿಸುವ, ಅಲ್ಲಿನ ಸೌಲಭ್ಯಗಳನ್ನು ತಾರತಮ್ಯವಿಲ್ಲದೆ ಬಳಸುವ ಹಕ್ಕನ್ನು ಇದೇ ಕಾಯ್ದೆ ಕೊಟ್ಟಿದೆ. ಹೊಲದ ಪಾಲು ಬೇರೆ ಕಾನೂನಿನ ವಿಷಯ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಹಳೆ ಸಿಸ್ಟರ್

ನಿವೃತ್ತ ಶುಶ್ರೂಷಕಿ. ಪೀಣ್ಯದವರ ಕೈಗಾಯದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಎಚ್‌ಐವಿ ಇರುವವರಿಗೆ ಚುಚ್ಚಿದ ಸೂಜಿ ನಮಗೆ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಅದೂ ಚಿಕಿತ್ಸೆಯಲ್ಲಿ ಇಲ್ಲದವರ ಲೆಕ್ಕ. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ಶೇ 30ರವರೆಗೂ ಹೋಗುತ್ತದೆ. ನಿಮ್ಮ ಕಾರ್ಮಿಕರ ಮೇಲೆ ಕಾಳಜಿ ಇದ್ದರೆ ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಕೈಗವಸು ಇಡಿ. ಯಾರ ರಕ್ತವಾದರೂ ಕೈಗವಸು ಹಾಕಿಯೇ ಮುಟ್ಟಬೇಕು. ಆಗ ಯಾರಿಗೆ ಏನಿದೆ ಎಂಬ ಪಟ್ಟಿ ನಿಮಗೆ ಬೇಕಾಗುವುದೇ ಇಲ್ಲ. ಅಕಸ್ಮಾತ್ ಸೂಜಿ ಚುಚ್ಚಿದರೆ 72 ಗಂಟೆಗಳ ಒಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ತಡೆಮಾತ್ರೆ ಶುರು ಮಾಡಿ 28 ದಿನ ನುಂಗಬೇಕು.

‘ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ’ ಎಂದಿರಿ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಎಚ್‌ಐವಿ ಇರುವ ಹೆರಿಗೆಯ ಹೆಂಗಸಿನ ಹಾಸಿಗೆಯ ಕಾಲಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಕಡತದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದರು. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅವರ ಹೆಸರು ಯಾವಾಗಲೂ ಕೊನೆಗೆ. ‘ಆಮೇಲೆ ಕೋಣೆ ತೊಳೆಯಬೇಕು’ ಎಂಬ ನೆಪ. ಬೆಳಗಿನಿಂದ ಉಪವಾಸ ಇದ್ದ ಹೆಂಗಸು ಸಂಜೆಯವರೆಗೂ ಕಾಯುವುದು. ಪ್ರತಿ ರೋಗಿಯ ನಂತರವೂ ಕೋಣೆ ತೊಳೆಯಬೇಕು ಎಂಬುದು ನಿಯಮ. ಕೆಂಪು ಬಟ್ಟೆ ಇಲ್ಲದವರ ನಂತರ ತೊಳೆಯುತ್ತಿರಲಿಲ್ಲ ಎಂದೇ ಅದರ ಅರ್ಥ ತಾನೇ? ಇದನ್ನು ಸಭೆಯಲ್ಲಿ ಕೇಳಿದ್ದಕ್ಕೆ ನನ್ನನ್ನು ಹೊರರೋಗಿ ವಿಭಾಗಕ್ಕೆ ಹಾಕಿದರು.

1990ರ ದಶಕದಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮದ್ದು ಸಿಗುತ್ತಿರಲಿಲ್ಲ, ಹೆದರಿಕೆಗೆ ಒಂದು ನೆಪವಾದರೂ ಇತ್ತು. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿತು, ಮೊದಲ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಸ್ಟ್ರೆಚರ್‌ನಲ್ಲಿ ಬಂದವರು ನಡೆದು ಹೋದದ್ದನ್ನು ಕಣ್ಣಾರೆ ಕಂಡ ಸಿಬ್ಬಂದಿಯೇ ಆಮೇಲೂ ಎರಡೆರಡು ಕೈಗವಸು ಹಾಕಿ ಅವರ ರಕ್ತದೊತ್ತಡ ನೋಡುತ್ತಿದ್ದರು. ತೋಳಿಗೆ ಪಟ್ಟಿ ಸುತ್ತಲು ಎರಡು ಕೈಗವಸು! ಇದನ್ನು ತಿಳಿವಳಿಕೆಯ ಕೊರತೆ ಎಂದು ನಾನು ಒಪ್ಪುವುದಿಲ್ಲ. ತಿಳಿವಳಿಕೆ ಬೇಕಾದಷ್ಟಿತ್ತು.

ಸಮಾಜಕಾರ್ಯ ವಿದ್ಯಾರ್ಥಿನಿ

ಘಟಪ್ರಭಾ ಅವರು ಹೇಳಿದ ಪ್ರಶ್ನಾವಳಿ ಬಹುಶಃ ವಿಶ್ವ ಆರೋಗ್ಯ ಸಂಸ್ಥೆಯದು. ಅದರ ಚಿಕ್ಕ ಆವೃತ್ತಿಯಲ್ಲಿ 31 ಪ್ರಶ್ನೆಗಳಿವೆ. ದೇಹ, ಮನಸ್ಸು, ಸ್ವಾವಲಂಬನೆ, ಸಂಬಂಧ, ಪರಿಸರ, ನಂಬಿಕೆ ಎಂಬ ಆರು ಭಾಗಗಳು. ಎಚ್‌ಐವಿ ಇರುವುದಕ್ಕೆ ಜನ ನಿಮ್ಮನ್ನು ದೂರುವುದು ಎಷ್ಟು ಕಾಡುತ್ತದೆ, ಮುಂದಿನ ದಿನಗಳ ಭಯ ಎಷ್ಟು ಎಂಬಂಥ ಪ್ರಶ್ನೆಗಳೂ ಇವೆ. ಅದನ್ನು ರೂಪಿಸುವಾಗ ಪರೀಕ್ಷಿಸಿದ ಊರುಗಳಲ್ಲಿ ಬೆಂಗಳೂರೂ ಒಂದು.

ಕಳಂಕದ ಬಗ್ಗೆ ನಮ್ಮ ನೆಲದ್ದೇ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಕಳಂಕವನ್ನು ನಾಲ್ಕು ಬಗೆಯಾಗಿ ನೋಡಿದ್ದಾರೆ: ನಮಗೇ ಆದದ್ದು, ಬೇರೆಯವರಿಗೆ ಆಯಿತೆಂದು ಕೇಳಿದ್ದು, ಜನ ಹೀಗೆ ಎಣಿಸುತ್ತಾರೆ ಎಂದು ನಾವು ನಂಬಿರುವುದು, ಅದು ಸರಿ ಎಂದು ನಾವೇ ಒಪ್ಪಿಕೊಂಡಿರುವುದು. ಇವುಗಳಲ್ಲಿ ಎರಡನೆಯದು ನನಗೆ ತೀರ ಮುಖ್ಯ ಅನಿಸಿತು. ಘಟಪ್ರಭಾ ಅವರನ್ನು ಇದುವರೆಗೆ ಯಾರೂ ಏನೂ ಅಂದಿಲ್ಲ, ಯಾರಿಗೂ ಗೊತ್ತಿಲ್ಲ. ಆದರೂ ಶೌಚಾಲಯದಲ್ಲಿ ನಿಂತು ಚೀಟಿ ಕೆರೆಯುತ್ತಾರೆ. ಎಲ್ಲಿಯೋ ಯಾರಿಗೋ ಆದದ್ದನ್ನು ಕೇಳಿದ್ದಾರೆ. ಈಗ ಕೆಂಪು ಗೆರೆಯ ಲೋಟದ ಕಥೆಯನ್ನು ಇಲ್ಲಿ ಓದಿದವರು ಇನ್ನಷ್ಟು ಮಂದಿ ದೂರದ ಬಸ್ಸು ಹಿಡಿಯಬಹುದು. ಹಾಗೆಂದು ಆ ಕಥೆ ಹೇಳಬಾರದಿತ್ತು ಎಂದು ನಾನು ಹೇಳುತ್ತಿಲ್ಲ ಅಕ್ಕಾ. ಆದರೆ ಬದಲಾಯಿಸಿಕೊಂಡು ಏನೂ ಆಗದೆ ನೆಮ್ಮದಿಯಾಗಿರುವವರು ಇಂಥ ಕಡೆ ಬಂದು ಬರೆಯುವುದಿಲ್ಲ, ಅದೊಂದು ತೊಡಕು.

ಇಬ್ಬರು ಮಕ್ಕಳ ತಾಯಿ

ನೆಮ್ಮದಿಯಾಗಿರುವವರು ಬರೆಯಲಿ ತಂಗಿ, ನಾನೂ ಓದುತ್ತೇನೆ.

ಕುಂದಾಪುರ ಕಡೆಯವ

ನಾನು ಬರೆಯುತ್ತೇನೆ, ಆದರೆ ನೆಮ್ಮದಿಯ ಕಥೆ ಅಲ್ಲ. ಗಲ್ಫ್‌ನಲ್ಲಿ ವಾಸದ ವೀಸಾಕ್ಕೆ ರಕ್ತ ಪರೀಕ್ಷೆ ಇದೆ. ಎಚ್‌ಐವಿ ಬಂದರೆ ವಾಪಸು ಕಳುಹಿಸುತ್ತಾರೆ, ಚಿಕಿತ್ಸೆ ಗಿಕಿತ್ಸೆ ಏನೂ ಇಲ್ಲ. ನನಗೆ ಸಾಮಾನು ಕಟ್ಟಿಕೊಳ್ಳಲೂ ಸಮಯ ಸಿಗಲಿಲ್ಲ. ಊರಿಗೆ ಬಂದಿಳಿದರೆ ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಪ್ರತಿ ಮನೆಯಿಂದ ಒಬ್ಬ ಹೊರದೇಶದಲ್ಲಿ ಇದ್ದಾನೆ. ಒಪ್ಪಂದ ಮುಗಿಯುವ ಮುಂಚೆ ಒಬ್ಬನೇ ಬಂದ, ಮತ್ತೆ ಹೋಗಲಿಲ್ಲ ಎಂದರೆ ‘ಮೆಡಿಕಲ್ ಅನ್‌ಫಿಟ್’ ಎಂದು ಜನ ತಾವೇ ಲೆಕ್ಕ ಹಾಕುತ್ತಾರೆ. ಕ್ಷಯ ಇರಬಹುದು, ಇದೂ ಇರಬಹುದು. ಎರಡು ಸಂಬಂಧ ತಪ್ಪಿದವು, ನನ್ನದಲ್ಲ, ತಂಗಿಯದು.

ಬಚ್ಚಿಡಲು ಏನೂ ಉಳಿಯದ್ದರಿಂದ ಹತ್ತಿರದ ಕೇಂದ್ರಕ್ಕೇ ಹೋಗುತ್ತೇನೆ. ಎಲ್ಲರಿಗೂ ಗೊತ್ತಾದ ಮೇಲೆ ಸಲೀಸು ಎಂದು ಹೇಳಲಾರೆ. ಬಸ್ ಖರ್ಚು ಉಳಿಯುತ್ತದೆ, ಅಷ್ಟೇ.

ವೇದಿಕೆ ನಿರ್ವಾಹಕ

ಒಂದು ಪ್ರತಿಕ್ರಿಯೆಯನ್ನು ತೆಗೆದಿದ್ದೇವೆ. ಅದರಲ್ಲಿ ಒಂದು ಆಸ್ಪತ್ರೆಯ ಹೆಸರು, ಒಬ್ಬ ರೋಗಿಯ ಓಣಿ ಎರಡೂ ಇದ್ದವು. ಒಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆಡಹುವುದು ಈ ವೇದಿಕೆಯಲ್ಲಿ ಸಲ್ಲದು, ಸಹಾಯ ಮಾಡುವ ಉದ್ದೇಶದಿಂದಲೂ ಸಲ್ಲದು. ತುರ್ತಾಗಿ ಮಾತನಾಡಬೇಕೆನಿಸಿದವರು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹುಟ್ಟಿನಿಂದ

ಶೀರ್ಷಿಕೆಗೆ ನನ್ನ ತಕರಾರಿದೆ. ಗುಳಿಗೆ ಸಲೀಸು ಎಂದಿದ್ದೀರಿ. 2022ರ ಜುಲೈಯಲ್ಲಿ ದೆಹಲಿಯ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿಯಲ್ಲಿ ಎಚ್‌ಐವಿ ಇರುವವರು ವಾರಗಟ್ಟಲೆ ಧರಣಿ ಕುಳಿತದ್ದು ಗುಳಿಗೆ ಸಿಗದೆ. ದೂರದರ್ಶನದ ಕ್ಯಾಮೆರಾ ಮುಂದೆ ಮುಖ ತೋರಿಸಿಯೇ ಕುಳಿತಿದ್ದರು. ಅವರು ಮುಖ ಮುಚ್ಚಿಕೊಂಡಿದ್ದರೆ ನಮ್ಮ ಡಬ್ಬಿ ಬರುತ್ತಿತ್ತೋ ಇಲ್ಲವೋ.

ನನಗೆ ಹುಟ್ಟಿನಿಂದಲೇ ಇದೆ. ಅವ್ವ ದೇವದಾಸಿ. ಮುತ್ತು ಕಟ್ಟುವುದನ್ನು ನಿಷೇಧಿಸಿ ಕಾಯ್ದೆ ಬಂದದ್ದು 1982ರಲ್ಲಿ. ಅವ್ವನಿಗೆ ಕಟ್ಟಿದ್ದು ಅದರ ನಂತರ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಕಾಯಿಲೆಯ ಹೆಸರೆತ್ತಿದರೆ ಜನ ಮೊದಲು ಬೆರಳು ತೋರಿಸುವುದು ನಮ್ಮ ಓಣಿಯ ಕಡೆಗೆ. ಶಾಲೆಯಲ್ಲಿ ಅಪ್ಪನ ಹೆಸರಿನ ಕಾಲಂ ಖಾಲಿ ಬಿಟ್ಟಾಗಲೇ ಅರ್ಧ ಜಾತಕ ಹೊರಬೀಳುತ್ತಿತ್ತು. ಎಚ್‌ಐವಿ ಆಮೇಲಿನ ಮಾತು. ಹಾಗಾಗಿ ‘ಗುಟ್ಟು’ ಎಂದು ನೀವೆಲ್ಲ ಬರೆಯುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಗುಟ್ಟು ಇಟ್ಟುಕೊಳ್ಳಲು ಕಳೆದುಕೊಳ್ಳುವ ಮಾನ ಇರಬೇಕು, ನಮಗೆ ಊರು ಅದನ್ನು ಕೊಟ್ಟಿರಲೇ ಇಲ್ಲ.

ಚಿಕ್ಕಂದಿನಲ್ಲಿ ಕಹಿ ಸಿರಪ್ಪು, ಆಮೇಲೆ ಎಫಾವಿರೆಂಜ್ ಇದ್ದ ಮಾತ್ರೆ. ಅದನ್ನು ನುಂಗಿದ ರಾತ್ರಿ ಬೀಳುತ್ತಿದ್ದ ಕನಸುಗಳು ಯಾರಿಗೂ ಬೇಡ. ಪರೀಕ್ಷೆಯ ದಿನ ಬೆಳಿಗ್ಗೆ ತಲೆ ತಿರುಗುತ್ತಿತ್ತು. ಈಗಿನ ಡೊಲುಟೆಗ್ರಾವಿರ್ ಮಾತ್ರೆ ಎಷ್ಟೋ ವಾಸಿ. ಜೀವನದ ಗುಣಮಟ್ಟ ಎಂದರೆ ನನಗೆ ಮೊದಲು ನೆನಪಾಗುವುದು ಆ ಬದಲಾವಣೆ. ಬೇರೆಯವರು ಏನೆಂದುಕೊಳ್ಳುತ್ತಾರೆ ಎಂಬುದು ಆಮೇಲೆ.

ಈಗ ನನ್ನ ಪ್ರಶ್ನೆ. ಮದುವೆಯಾಗಬೇಕೆಂದಿದ್ದೇನೆ. ಹುಡುಗಿಗೆ ಎಚ್‌ಐವಿ ಇಲ್ಲ. ಅವಳಿಗೆ ಹೇಳಿದ್ದೇನೆ. ಅವಳ ಅಣ್ಣ ಎಲ್ಲಿಂದಲೋ ತಿಳಿದುಕೊಂಡು ‘ಎಚ್‌ಐವಿ ಇರುವವರಿಗೆ ಮದುವೆಯ ಹಕ್ಕೇ ಇಲ್ಲ, ಸುಪ್ರೀಂ ಕೋರ್ಟ್ ಹೇಳಿದೆ’ ಎಂದು ಹೆದರಿಸುತ್ತಿದ್ದಾನೆ. ನಿಜವೇ?

ಧಾರವಾಡದ ವಕೀಲ

ಅಣ್ಣ ಅರ್ಧ ಓದಿದ್ದಾನೆ. 1998ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹಾಗೆ ಅನ್ನಿಸುವ ಮಾತು ಬರೆದದ್ದು ಹೌದು. ರಕ್ತ ಕೊಡಲು ಹೋದ ಒಬ್ಬ ವೈದ್ಯರ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ಮುರಿದು, ಅವರು ನ್ಯಾಯಾಲಯಕ್ಕೆ ಹೋಗಿದ್ದರು. 2002ರಲ್ಲಿ ಅದೇ ನ್ಯಾಯಾಲಯ, ಮದುವೆಯ ಹಕ್ಕಿನ ಬಗ್ಗೆ ಆಡಿದ ಮಾತು ಆ ಪ್ರಕರಣಕ್ಕೆ ಬೇಕಾಗಿರಲಿಲ್ಲ ಎಂದು ಅದನ್ನು ಬದಿಗಿಟ್ಟಿತು. ಮದುವೆಗೆ ಅಡ್ಡಿಯಿಲ್ಲ. ಸಂಗಾತಿಗೆ ಸೋಂಕು ತಗಲದಂತೆ ಎಚ್ಚರ ವಹಿಸುವ ಹೊಣೆಯನ್ನು ಈಗಿನ ಕಾಯ್ದೆ ನಿಮ್ಮ ಮೇಲೆ ಹೊರಿಸಿದೆ. ನೀವು ಮುಂಚೆಯೇ ಹೇಳಿದ್ದೀರಿ, ಒಳ್ಳೆಯದಾಯಿತು.

ಆಪ್ತಸಮಾಲೋಚಕಿ, ಹಳೆ ಮೈಸೂರು ಕಡೆ

ತಮ್ಮಾ, ಇಬ್ಬರೂ ಒಟ್ಟಿಗೆ ನಿಮ್ಮ ಕೇಂದ್ರಕ್ಕೆ ಬನ್ನಿ, ಅಣ್ಣನನ್ನೂ ಕರೆತನ್ನಿ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಯುರೋಪಿನಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ ವರದಿ 2019ರಲ್ಲಿ ಬಂತು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ತಗಲಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಮಾತ್ರೆ ತಪ್ಪಿಸಬಾರದು, ವೈರಲ್ ಲೋಡ್ ಪರೀಕ್ಷೆಯನ್ನು ಮುಂದೂಡಬಾರದು. ಷರತ್ತು ಇಷ್ಟೇ.

ಇದನ್ನು ನಾವು ಗೋಡೆಯ ಮೇಲೆ ದೊಡ್ಡದಾಗಿ ಬರೆಯುವುದಿಲ್ಲ ಎಂಬುದು ನನಗೆ ನಮ್ಮ ಇಲಾಖೆಯ ಮೇಲಿರುವ ಸಿಟ್ಟು. ಜನ ಕಾಂಡೋಮ್ ಬಿಟ್ಟಾರು ಎಂಬ ಹೆದರಿಕೆ. ಅದರಿಂದಾಗಿ ವರ್ಷಗಳಿಂದ ‘ಪತ್ತೆಯಾಗಿಲ್ಲ’ ಎಂಬ ವರದಿ ಹಿಡಿದಿರುವ ಗಂಡಸರು ಇನ್ನೂ ಮಕ್ಕಳಿಗೆ ಮುತ್ತು ಕೊಡಲು ಹಿಂಜರಿಯುತ್ತಾರೆ. ಮುತ್ತಿನಿಂದ ಯಾವ ಕಾಲದಲ್ಲಿಯೂ ಹರಡುತ್ತಿರಲಿಲ್ಲ!

ಹಳೆ ಸಿಸ್ಟರ್

ಮಕ್ಕಳ ವಿಷಯ ಬಂದಿದ್ದರಿಂದ: ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾ‍ಧ್ಯತೆ ಶೇ 15ರಿಂದ 45. ಬಸುರಿಯಲ್ಲಿಯೇ ಮಾತ್ರೆ ಹಿಡಿದು, ಹುಟ್ಟಿದ ಮಗುವಿಗೆ ಸಿರಪ್ ಹಾಕಿದರೆ ಅದು ಶೇ 5ಕ್ಕಿಂತ ಕೆಳಗೆ ಇಳಿಯುತ್ತದೆ. ಮಗುವಿನ ಕೊನೆಯ ಪರೀಕ್ಷೆ 18 ತಿಂಗಳಿಗೆ.

ಇಬ್ಬರು ಮಕ್ಕಳ ತಾಯಿ

ನನ್ನ ಎರಡನೆಯವಳ 18 ತಿಂಗಳ ವರದಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ನೆಗೆಟಿವ್.

ವಕೀಲ ಸರ್, ಮನೆಯ ಹಕ್ಕಿನ ಬಗ್ಗೆ ಹೇಳಿದ್ದಕ್ಕೆ ಉಪಕಾರ. ಸರ್ಕಾರದ ಯೋಜನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇದೆ. ಹೊಲಿಗೆ ಯಂತ್ರವನ್ನೋ, ಕುರಿಯನ್ನೋ ಕೊಳ್ಳಬಹುದು. ಆದರೆ ಯೋಜನೆಯ ಹೆಸರು ಹೇಳಿದರೆ ಕಾಯಿಲೆಯ ಹೆಸರು ಹೇಳಿದ ಹಾಗೆಯೇ. ಕಚೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಗುಮಾಸ್ತ ಒಳಗಿನಿಂದಲೇ ‘ಧನಶ್ರೀಯವರು ಈ ಕಡೆ ಬನ್ನಿ’ ಎಂದು ಕೂಗಿದ. ನಾನು ಬಾಗಿಲವರೆಗೆ ಹೋಗಿ, ಪಿಂಚಣಿ ವಿಚಾರಿಸಲು ಬಂದೆ ಎಂದು ಹೇಳಿ ಹಿಂದಿರುಗಿದೆ. ವಿಧವಾ ವೇತನಕ್ಕೆ ನಿಂತವರ ಜೊತೆಗೇ ನಮ್ಮ ಅರ್ಜಿಯನ್ನೂ ತೆಗೆದುಕೊಂಡರೆ ಅವರ ಗಂಟೇನು ಹೋಗುತ್ತದೆ?

ಮೈಸೂರಿನಿಂದ ಓದುಗ

ಒಂದು ಸಣ್ಣ ಸಂಗತಿ. ನಮ್ಮೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಆಶೋದಯ ಸಮಿತಿ ಇದೆ. ಅವರು ಒಂದು ಹೋಟೆಲನ್ನೇ ತೆರೆದಿದ್ದರು. ಯಾರು ಮಾಡಿದ ಅಡುಗೆ, ಯಾರು ಬಡಿಸುತ್ತಾರೆ ಎಂಬುದರ ಮೇಲೆಯೇ ನಮ್ಮ ಮಡಿ-ಮೈಲಿಗೆ ಎಲ್ಲ ನಿಂತಿರುವಾಗ ಭಾಷಣ ಬಿಟ್ಟು ಊಟವನ್ನೇ ಮುಂದಿಟ್ಟದ್ದು ನನಗೆ ಜಾಣತನ ಎನಿಸಿತು.

ಪೀಣ್ಯ ಸಣ್ಣ ಕೈಗಾರಿಕೆ

ಲಸಿಕೆಯ ಬಗ್ಗೆ ನಮ್ಮ ಇಎಸ್‌ಐ ಚಿಕಿತ್ಸಾಲಯದಲ್ಲಿ ಕೇಳುತ್ತೇನೆ. ಇನ್ನೊಂದು ಅನುಮಾನ: ಈಗಾಗಲೇ ಕೆಲಸದಲ್ಲಿ ಇರುವ ಒಬ್ಬ ತಾನಾಗಿಯೇ ಬಂದು ನನಗೆ ಹೇಳಿದರೆ ಮೇಲ್ವಿಚಾರಕನಿಗೆ ತಿಳಿಸಬೇಕೇ?

ಧಾರವಾಡದ ವಕೀಲ

ಬೇಡ. ಅವನ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ತಿಳಿಸಬೇಡಿ. ಕಾಗದದಲ್ಲಿ ಬರೆದಿಟ್ಟಿದ್ದರೆ ಬೀಗ ಹಾಕಿಡಿ. ಎಆರ್‌ಟಿ ಕೇಂದ್ರಕ್ಕೆ ಹೋಗುವ ದಿನ ರಜೆ ಕೊಡಿ, ಕಾರಣ ಕೇಳಬೇಡಿ.

ಘಟಪ್ರಭಾ ದಂಡೆ

ಇಷ್ಟು ಮಂದಿ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ಓದಿದೆ, ಹೆಂಡತಿಗೂ ಓದಿ ಹೇಳಿದೆ. ಡಬ್ಬಿಗಳು ಕಳೆನಾಶಕದ ಪೆಟ್ಟಿಗೆಯಿಂದ ಅವಳ ಟ್ರಂಕಿಗೆ ಹೋಗಿವೆ ಮೇಡಂ.

ತಾಲ್ಲೂಕು ಆಸ್ಪತ್ರೆಗೆ ಹೋಗುವುದಿಲ್ಲ. ಅಕ್ಕ ಹೇಳಿದ ಬೆಂಚು ನಮ್ಮಲ್ಲಿಯೂ ಇದೆ, ಎದುರಿಗೆ ನನ್ನ ಗಿರಾಕಿಯೇ ಒಬ್ಬನ ಪಾನ್ ಅಂಗಡಿ. ಪಕ್ಕದ ತಾಲ್ಲೂಕಿನ ಕೇಂದ್ರಕ್ಕೆ ಬದಲಾಯಿಸಿಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೇನೆ. ಮಧ್ಯಾಹ್ನದೊಳಗೆ ಹಿಂದಿರುಗಬಹುದು, ಹೊಳೆ ದಾಟುವ ಹಾಗಿಲ್ಲ. ಅಲ್ಲಿನ ಸಂತೆಗೆ ಹೇಗೂ ಹೋಗುತ್ತಿರುತ್ತೇನೆ, ಹೊಸ ಸುಳ್ಳು ಬೇಕಿಲ್ಲ. ತಮ್ಮನಿಗೆ ಹೇಳಬೇಕು ಎಂದು ಹೆಂಡತಿ ಹಟ ಹಿಡಿದಿದ್ದಾಳೆ. ನನಗೇನಾದರೂ ಆದರೆ ಅವಳೊಬ್ಬಳೇ ಎಲ್ಲಿಗೆ ಓಡಬೇಕು ಎಂಬುದು ಅವಳ ಮಾತು. ಮುಂಗಾರು ಬಿತ್ತನೆ ಮುಗಿಯಲಿ, ಹೇಳುತ್ತೇನೆ ಎಂದಿದ್ದೇನೆ.

ಇಬ್ಬರು ಮಕ್ಕಳ ತಾಯಿ

ಬಿತ್ತನೆ ಮುಗಿದರೆ ಎಡೆ ಹೊಡೆಯುವುದು, ಅದು ಮುಗಿದರೆ ಸುಗ್ಗಿ. ಒಕ್ಕಲುತನದವರ ಮಾತು ನನಗೆ ಗೊತ್ತು ಅಣ್ಣಾ. ನಿಮ್ಮ ಹೆಂಡತಿಯ ಮಾತು ಕೇಳಿ.

ಆಪ್ತಸಮಾಲೋಚಕಿ, ಹಳೆ ಮೈಸೂರು ಕಡೆ

ಪಕ್ಕದ ತಾಲ್ಲೂಕು ಆಗಬಹುದು. ಈಗಿರುವ ಕೇಂದ್ರದಲ್ಲಿ ವರ್ಗಾವಣೆ ಪತ್ರ ಕೇಳಿ, ಅದರಲ್ಲಿ ಕೊನೆಯ ವೈರಲ್ ಲೋಡ್ ಪರೀಕ್ಷೆಯ ದಿನಾಂಕ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹೊಸ ಕೇಂದ್ರದವರು ಮತ್ತೆ ರಕ್ತ ತೆಗೆಯುತ್ತಾರೆ. ಎಆರ್‌ಟಿ ಪುಸ್ತಕದ ಎಲ್ಲ ಪುಟಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅವ್ವನ ಕ್ಯಾಲ್ಸಿಯಂ ಮಾತ್ರೆಯನ್ನು ನೀವೂ ನುಂಗುವ ಅಭ್ಯಾಸವಿದ್ದರೆ ಡೊಲುಟೆಗ್ರಾವಿರ್ ಜೊತೆಗೆ ಖಾಲಿ ಹೊಟ್ಟೆಯಲ್ಲಿ ಬೇಡ. ಎರಡು ಗಂಟೆ ಮುಂಚೆ ನಿಮ್ಮ ಗುಳಿಗೆ, ಆಮೇಲೆ ಅದು. ಕೊನೆಯ ಡಬ್ಬಿ ತೆರೆಯುವ ಮುಂಚೆಯೇ ಹೋಗಿ ಬನ್ನಿ. ಮೊದಲ ಸಲ ಶನಿವಾರ ಹೋಗಬೇಡಿ, ಕಾಗದಪತ್ರದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.